ಮೇದಿನಿಯ ಅಳತೆ

ಅಡಾಜಣ್, ಸೂರತ್
12 ಜುಲೈ 2024

ಚಿ. ಮೇದಿನಿಗೆ,

ಅಹಮದಾಬಾದಿಗೆ, ಮಣಿನಗರದ ಮನೆಗೆ ಫೋನು ಮಾಡಿ ನಿನ್ನ ಹಾಸ್ಟೆಲ್ಲಿನ ವಿಳಾಸ ತೆಗೆದುಕೊಂಡೆ. ನಿನ್ನ ಅಮ್ಮ ಅದನ್ನು ನಿಧಾನವಾಗಿ ಹೇಳಿ ಬರೆಸಿದಳು. ಆಮೇಲೆ, "ಅವ್ಳಿಗೆ ಫೋನ್ ಮಾಡ್ಬೇಡಿ, ಬರೀರಿ. ಫೋನಲ್ಲಿ ನೀವಿಬ್ರೂ 'ಊಟ ಆಯ್ತಾ' ದಾಟಿ ಮುಂದಕ್ಕೆ ಹೋಗಲ್ಲ" ಎಂದಳು. ನಿಜವೇ. ಹೋದ ತಿಂಗಳು ನಿನ್ನ ಹುಟ್ಟುಹಬ್ಬದ ದಿನ ನಾವು ಮಾತಾಡಿದ್ದು ನಲವತ್ತು ಸೆಕೆಂಡು.

ಕೆಲಸದ ವಿಷಯಕ್ಕೇ ಬರೆಯುತ್ತಿದ್ದೇನೆ. ನಾನೀಗ ಉಧ್ನಾದಲ್ಲಿ ಹಸಮುಖಭಾಯಿ ಎಂಬವರ ಕಾರ್ಖಾನೆಯಲ್ಲಿದ್ದೇನೆ. ಅವರದು ಸೀರೆ ನೇಯುವ ಮಗ್ಗಗಳು. ಎರಡು ವರ್ಷದಿಂದ ಅದರಲ್ಲಿ ನಾಲ್ಕನ್ನು ಬದಲಾಯಿಸಿ ಕಾರ್ಬನ್ ನಾರಿನ ಬಟ್ಟೆ ನೇಯುತ್ತಿದ್ದೇವೆ. ಆ ಬಟ್ಟೆಗೆ ಅಂಟು ಕುಡಿಸಿ, ಪದರದ ಮೇಲೆ ಪದರ ಕೂರಿಸಿ, ಅಚ್ಚಿನಲ್ಲಿಟ್ಟು ಬೇಯಿಸಿದರೆ ಉಕ್ಕಿನಷ್ಟು ಗಟ್ಟಿ, ತೂಕ ಮಾತ್ರ ಅದರ ಕಾಲುಭಾಗವೂ ಇಲ್ಲ. ಅಹಮದಾಬಾದಿನಲ್ಲಿ ಇಪ್ಪತ್ತೆರಡು ವರ್ಷ ಉಪಗ್ರಹದ ಆಂಟೆನಾಗಳಿಗೆ ನಾನು ಮಾಡುತ್ತಿದ್ದುದೂ ಇದನ್ನೇ. ಇಲ್ಲಿ ನಾವು ರೇಸಿನ ಸೈಕಲ್ಲು ಮಾಡಲು ಹೊರಟಿದ್ದೇವೆ.

ಹಸಮುಖಭಾಯಿಯದು ಎರಡೇ ಷರತ್ತು. ಒಂದು ಸ್ಕೂಟರಿಗಿಂತ ಕಡಿಮೆ ಬೆಲೆಗೆ ಸಿಗಬೇಕು, ದಾರಿಯಲ್ಲಿ ಹೋಗುವವನು ಕತ್ತು ತಿರುಗಿಸಿ ನೋಡಬೇಕು. ಮೊದಲನೆಯದಕ್ಕೆ ನಾನು ಒದ್ದಾಡುತ್ತೇನೆ. ಎರಡನೆಯದು ನನ್ನ ಕೈಯಲ್ಲಿ ಆಗುವ ಮಾತಲ್ಲ. ನೀನು ಡಿಸೈನ್ ಓದುತ್ತಿದ್ದೀಯ. ನಾನು ಬರೆದ ನಕ್ಷೆ ಇದರ ಜೊತೆ ಇಟ್ಟಿದ್ದೇನೆ. ಪುರುಸೊತ್ತಿದ್ದರೆ ನೋಡು.

ಮೊಣಕೈ ಈಗ ನೋಯುವುದಿಲ್ಲ ತಾನೆ?

ಅಪ್ಪ


ಬರೋಡಾ
29 ಜುಲೈ 2024

ಅಪ್ಪನಿಗೆ ನಮಸ್ಕಾರ.

ಕಾಗದ ಬಂತು. ಹಾಸ್ಟೆಲ್ಲಿನಲ್ಲಿ ಯಾರಿಗೂ ಕಾಗದ ಬರುವುದಿಲ್ಲವಾದ್ದರಿಂದ ವಾರ್ಡನ್ ಅದನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡು ಎಲ್ಲರಿಗೂ ತೋರಿಸಿದರು.

ನಾನು ಕನ್ನಡ ಬರೆದು ಆರು ವರ್ಷದ ಮೇಲಾಯಿತು. ನಿಮ್ಮ ಭಾನುವಾರದ ಡಿಕ್ಟೇಷನ್ ನಿಂತ ಮೇಲೆ ಬರೆದೇ ಇಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹೊರಟೆ, ರಜಾ ಅರ್ಜಿ ಥರ ಬಂತು, ಹರಿದು ಹಾಕಿದೆ. ಇದರಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ನಿಮ್ಮ ನಕ್ಷೆ ನೋಡಿದೆ. ಸೈಕಲ್ ಮೇಲೆ ಒಂಬತ್ತು ಕಡೆ ಹೆಸರು ಬರೆದಿದ್ದೀರಿ. ಎರಡು ಮಿಂಚು ಹಾಕಿದ್ದೀರಿ. ಒಂದು ಕಡೆ ಚಿರತೆಯೋ ಬೆಕ್ಕೋ ಗೊತ್ತಾಗದ ಪ್ರಾಣಿ ಇದೆ. ಕತ್ತು ತಿರುಗಿಸಿ ನೋಡುತ್ತಾರೆ, ಆದರೆ ನಗುವುದಕ್ಕೆ.

ಕಾಲೇಜಿನ ಕೆಲಸ ಮುಗಿಸಿ ಬರೆದು ಕಳಿಸುತ್ತೇನೆ. ಒಂದು ವಿಷಯ ತಿಳಿದಿರಲಿ. ನಾನು ಈಗ ಸೈಕಲ್ ಹೊಡೆಯುವುದಿಲ್ಲ. ಕಾಲೇಜಿಗೆ ರಿಕ್ಷಾದಲ್ಲಿ ಹೋಗುತ್ತೇನೆ.

ಮೊಣಕೈ ಸರಿಯಾಗಿದೆ.

ಮೇದಿನಿ


ಸೂರತ್
6 ಆಗಸ್ಟ್ 2024

ಚಿ. ಮೇದಿನಿಗೆ,

ಮಿಂಚು ತೆಗೆದೆ. ಅದು ಚಿರತೆ. ಅದನ್ನೂ ತೆಗೆದೆ.

ನನ್ನನ್ನು 'ನೀವು' ಎಂದು ಕರೆದಿದ್ದೀಯ. ಚಿಕ್ಕವಳಿದ್ದಾಗ 'ಅಪ್ಪಾ, ನೀನು ಸುಳ್ಳು' ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ದೊಡ್ಡವಳಾಗಿದ್ದೀಯ, ಅದಕ್ಕೇ ಇರಬೇಕು ಎಂದುಕೊಂಡೆ.

ನಮ್ಮ ಕಷ್ಟ ಹೇಳುತ್ತೇನೆ, ನಿನ್ನ ಕೆಲಸಕ್ಕೆ ಬರಬಹುದು. ಬಟ್ಟೆ ನಮ್ಮದೇ, ಅಂಟಿಗೆ ಅಷ್ಟು ಖರ್ಚಿಲ್ಲ. ದುಬಾರಿಯಾಗುವುದು ಅಚ್ಚು. ಎತ್ತರದವರಿಗೆ ಒಂದು, ಕುಳ್ಳರಿಗೆ ಒಂದು, ನಡುವಿನವರಿಗೆ ಒಂದು ಎಂದು ಬೇರೆಬೇರೆ ಅಚ್ಚು ಕೊರೆಸಿದರೆ ಸ್ಕೂಟರಿನ ಬೆಲೆ ಬಿಟ್ಟು ಕಾರಿನ ಬೆಲೆಗೆ ಹೋಗುತ್ತದೆ. ಆದ್ದರಿಂದ ಮೊದಲು ಒಂದೇ ಅಚ್ಚು, ಒಂದೇ ಅಳತೆ. ಐದಡಿ ಎಂಟಿಂಚಿನ ಗಂಡಸರಿಗೆ ಮಾಡೋಣ, ಕೊಳ್ಳುವವರು ಅವರೇ ಎಂದು ಹಸಮುಖಭಾಯಿ ಹಟ ಹಿಡಿದರು. ನಾನು ಐದಡಿ ಆರಿಂಚು ಎಂದೆ. "ಯೇ ಕಿಸ್ಕಾ ನಾಪ್ ಹೈ, ಗಿರಿಧರಭಾಯಿ?" ಎಂದು ಅಳತೆ ಯಾರದು ಅಂತ ವಿಚಾರಿಸಿದರು. ಲೆಕ್ಕ ಹಾಕಿ ತೆಗೆದದ್ದು ಎಂದೆ. ಒಪ್ಪಿದರು.

ಫ್ರೇಮಿನ ಕೊಳವೆಯ ಒಂದು ತುಂಡು ಕಳಿಸಿದ್ದೇನೆ. ನಾಣ್ಯದಿಂದ ತಟ್ಟಿ ನೋಡು. ನೆನಪಿದೆಯಾ? ಚೆನ್ನಾಗಿದ್ದರೆ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ ಮೇಲೆ ಏನೂ ಕಾಣುವುದಿಲ್ಲ, ತಟ್ಟಿದರೆ ಮಾತ್ರ ದಬ್ ಎನ್ನುತ್ತದೆ. ಇದನ್ನು ಹೇಳಿಕೊಟ್ಟಾಗ ನಿನಗೆ ಒಂಬತ್ತು ವರ್ಷ. ಒಂದು ವಾರ ಮನೆಯ ತಟ್ಟೆ, ಲೋಟ, ಅಮ್ಮನ ಮಂಡಿ ಎಲ್ಲವನ್ನೂ ತಟ್ಟಿ ನೋಡಿ ವರದಿ ಕೊಟ್ಟಿದ್ದೆ. ಬೆಳಿಗ್ಗೆ ತಾಪಿ ನದಿಯ ಸೇತುವೆ ದಾಟಿ ಕಾರ್ಖಾನೆಗೆ ಹೋಗುವಾಗ ಅದು ನೆನಪಾಗಿ ನಗು ಬಂತು.

ಅಪ್ಪ


ಬರೋಡಾ
2 ಸೆಪ್ಟೆಂಬರ್ 2024

ಅಪ್ಪನಿಗೆ,

ತಟ್ಟಿ ನೋಡಿದೆ. ಟಣ್ ಎಂದಿತು.

ನಕ್ಷೆ ಇದರ ಜೊತೆ ಇದೆ. ಹೇಳಬೇಕಾದ್ದು ಎರಡು. ಮೊದಲನೆಯದು, ಬಣ್ಣವೇ ಬೇಡ. ಬಣ್ಣಕ್ಕೆ ತೂಕ ಇದೆ, ಬೆಲೆ ಇದೆ. ಕಾರ್ಬನ್ ಬಟ್ಟೆಯ ನೇಯ್ಗೆಯೇ ಚೆಂದ. ಮೇಲೆ ಬರೀ ಪಾರದರ್ಶಕ ವಾರ್ನಿಷ್ ಕೊಟ್ಟರೆ ಸಾಕು. ಎರಡನೆಯದು, ನಿಮ್ಮ ಹತ್ತಿರ ಇರುವುದು ಸೀರೆಯ ಮಗ್ಗ. ಹಾಗಾದರೆ ಅಂಚು ಹಾಕಿ. ಕಪ್ಪು ಬಟ್ಟೆ ನೇಯುವಾಗಲೇ ಒಂದೇ ಒಂದು ಹಳದಿ ಎಳೆ ಸೇರಿಸಿದರೆ ಅದು ಫ್ರೇಮಿನ ಉದ್ದಕ್ಕೂ ತಾನೇ ಗೆರೆಯಾಗಿ ಬರುತ್ತದೆ. ಅಂಟಿಸುವುದು ಬೇಡ, ಬರೆಯುವುದು ಬೇಡ. ಇಂಥದ್ದು ಬೇರೆ ಯಾವ ಕಂಪನಿಯ ಸೈಕಲ್ಲಿಗೂ ಇರುವುದಿಲ್ಲ, ಖರ್ಚೂ ಇಲ್ಲ. ಯಾವ ಬಣ್ಣದ ಎಳೆಯಾದರೂ ಆಗಬಹುದು, ಕೆಂಪು ಮಾತ್ರ ಬೇಡ.

ನಿಮ್ಮ ನಕ್ಷೆಯಲ್ಲಿ ಮುಂದಿನ ಚಕ್ರ ಗಾಳಿಯಲ್ಲಿ ತೇಲುತ್ತಿದೆ. ಚಕ್ರ ಹಿಡಿಯುವ ಫೋರ್ಕ್ ಎಲ್ಲಿ? ಮರೆತಿರಾ? ನಾನೇ ಬರೆದಿದ್ದೇನೆ. ಅದರ ಮೇಲೆ ಖಂಡಿತ ಬಣ್ಣ ಹಾಕಬಾರದು. ಪೆಟ್ಟು ಬಿದ್ದರೆ ಕಾಣಬೇಕು.

ಮೇದಿನಿ


ಸೂರತ್
20 ಅಕ್ಟೋಬರ್ 2024

ಚಿ. ಮೇದಿನಿಗೆ,

ಬರೆಯುವುದು ತಡವಾಯಿತು. ನಿನ್ನ ಹಳದಿ ಎಳೆ ನೋಡಿ ಹಸಮುಖಭಾಯಿ ಕುಣಿದರು. ಮೂವತ್ತು ವರ್ಷ ಸೀರೆ ನೇಯ್ದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡರು. ಮಗ್ಗದವರಿಗೆ ಮಾತ್ರ ಜೀವ ಹೋಯಿತು. ಹಳದಿ ನಾರು ಹಿಗ್ಗುತ್ತದೆ, ಕಾರ್ಬನ್ನು ಹಿಗ್ಗುವುದಿಲ್ಲ, ಬಟ್ಟೆ ಸುಕ್ಕಾಗುತ್ತದೆ. ಏಳನೆಯ ಸಲಕ್ಕೆ ಸರಿಹೋಯಿತು. ಫ್ರೇಮು ಅಚ್ಚಿನಿಂದ ಹೊರಗೆ ಬಂದಾಗ ನಾವೆಲ್ಲ ಸುತ್ತ ನಿಂತು ನೋಡಿದೆವು. ಯಾರೋ ಅದಕ್ಕೆ ಕುಂಕುಮ ಇಟ್ಟರು. ನೀನು ಇರಬೇಕಿತ್ತು ಅನ್ನಿಸಿತು. ಆ ಹೊತ್ತು ಬಹಳ ಅನ್ನಿಸಿತು.

ಫೋರ್ಕು ಹೊರಗಿನಿಂದ ಕೊಳ್ಳುತ್ತೇವೆ. ನಿನ್ನ ನಕ್ಷೆಯಲ್ಲಿರುವುದು ಚೆನ್ನಾಗಿದೆ, ಆದರೆ ಬೇಡ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ದೀಪಾವಳಿಗೆ ಅಹಮದಾಬಾದಿಗೆ ಹೋಗುತ್ತೀಯಲ್ಲ, ಎಣ್ಣೆ ಹಚ್ಚಿಸಿಕೋ. ಹಾಸ್ಟೆಲ್ಲಿನಲ್ಲಿ ಕೂದಲು ಹಾಳಾಗುತ್ತದೆ.

ಅಪ್ಪ


ಮಣಿನಗರ, ಅಹಮದಾಬಾದ್
3 ನವೆಂಬರ್ 2024

ಅಪ್ಪನಿಗೆ,

ನೀವು ಕಳಿಸಿದ ಫೋಟೋ ನೋಡಿದೆ. ಫ್ರೇಮ್ ತುಂಬ ಚೆನ್ನಾಗಿದೆ. ಕೊಂಡು ತಂದ ಫೋರ್ಕ್ ಮಾತ್ರ ಬೇರೆಯವರ ಮೂಗು ತಂದು ಅಂಟಿಸಿದ ಹಾಗಿದೆ. ಅಂಚು ಅಲ್ಲಿಗೆ ಬಂದು ಕಡಿದು ಹೋಗುತ್ತದೆ. ಹೊರಗಿನಿಂದ ಕೊಂಡರೆ ಬೆಲೆ ಸ್ಕೂಟರನ್ನು ದಾಟುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅಷ್ಟು ಕಷ್ಟದ ಫ್ರೇಮ್ ಮಾಡಿದವರಿಗೆ ಎರಡು ಕಾಲಿನ ಫೋರ್ಕ್ ಮಾಡಲು ಯಾಕೆ ಆಗುವುದಿಲ್ಲ? ಹೇಳುವುದೇನೂ ಇಲ್ಲ ಎಂದು ಬರೆಯಬೇಡಿ.

ಅಮ್ಮ ಹಬ್ಬಕ್ಕೆ ಮನೆಗೆಲ್ಲ ಬಣ್ಣ ಹೊಡೆಸಿದ್ದಾಳೆ. ಅಡುಗೆಮನೆಯ ಬಾಗಿಲ ಚೌಕಟ್ಟು ಒಂದನ್ನು ಬಿಟ್ಟಿದ್ದಾಳೆ. ಪೇಂಟರ್ "ಬೆನ್, ಯೇ ರಹ್ ಗಯಾ" ಎಂದದ್ದಕ್ಕೆ "ರೆಹನೇ ದೋ", ಹಾಗೇ ಇರಲಿ, ಎಂದಳಂತೆ.

ಒಂದು ಮಾತು ಕೇಳಬೇಕು. ಕೇಳಬಾರದು ಎಂದುಕೊಂಡಿದ್ದೆ, ಆದರೆ ಈ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ತಡೆಯಲಿಕ್ಕೆ ಆಗುತ್ತಿಲ್ಲ. ನಾನು ರೇಸ್ ಬಿಟ್ಟೆ, ನೀವು ಮನೆ ಬಿಟ್ಟಿರಿ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಐದು ಗಂಟೆಗೆ ಎಬ್ಬಿಸಿ ಕಲಿಸಿದಿರಿ, ಒಂದು ಸಲ ಬಿದ್ದದ್ದಕ್ಕೆ ಹೆದರಿ ಇನ್ನು ಹತ್ತುವುದಿಲ್ಲ ಎಂದೆ. ಆಮೇಲೆ ನಿಮಗೆ ನನ್ನ ಜೊತೆ ಏನು ಕೆಲಸ ಇತ್ತು, ಅಲ್ಲವಾ? ನಿಮಗೆ ಬೇಕಾಗಿದ್ದದ್ದು ಸೈಕಲ್ ಹೊಡೆಯುವ ಮಗಳು.

ಮೇದಿನಿ


ಸೂರತ್
14 ನವೆಂಬರ್ 2024

ಪುಟ್ಟಾ,

ಏಳು ವರ್ಷ ನೀನು ಹೀಗೆ ಅಂದುಕೊಂಡಿದ್ದೆಯಾ? ನಿನ್ನ ಕಾಗದ ಹಿಡಿದುಕೊಂಡು ಅಡಾಜಣ್‌ನಿಂದ ಸೇತುವೆಯ ತನಕ ನಡೆದುಹೋದೆ. ಮತ್ತೆ ವಾಪಸ್ ಬಂದು ಬರೆಯುತ್ತಿದ್ದೇನೆ.

2018ರ ಜನವರಿ. ನಿನಗೆ ಹದಿಮೂರೂವರೆ. ನಿನ್ನ ಸೈಕಲ್ಲಿನ ಫೋರ್ಕನ್ನು ನಾನೇ ಮಣಿನಗರದ ಬಾಲ್ಕನಿಯಲ್ಲಿ ಕೂತು ಮಾಡಿದೆ. ನೀನು ಹೇಳಿದೆ ಎಂದು ಕೆಂಪು ಬಣ್ಣ ಹಚ್ಚಿದೆ. ರೇಸಿನ ದಿನ ಸರಖೇಜ್ ಹೈವೇಯಲ್ಲಿ ಸ್ಕೂಟರಿನಲ್ಲಿ ನಿನ್ನ ಹಿಂದೆಯೇ ಬರುತ್ತಿದ್ದೆ. ನೀನು ಎರಡನೆಯವಳಾಗಿದ್ದೆ. ಆ ಫೋರ್ಕು ಮುರಿದದ್ದನ್ನು ನನ್ನ ಕಣ್ಣಿನಿಂದಲೇ ನೋಡಿದೆ. ಗುಂಡಿ ಇರಲಿಲ್ಲ, ಕಲ್ಲಿರಲಿಲ್ಲ. ನೇರವಾದ ರಸ್ತೆಯಲ್ಲಿ ನಾನು ಮಾಡಿದ ವಸ್ತು ಮುರಿದು ನನ್ನ ಮಗಳು ಮುಖ ಅಡಿಯಾಗಿ ಬಿದ್ದಳು. ಎರಡು ಹಲ್ಲು ಹೋದವು, ಮೊಣಕೈಗೆ ಪ್ಲೇಟು ಹಾಕಿದರು.

ಆಸ್ಪತ್ರೆಯಲ್ಲಿ ನಿನ್ನ ಅಮ್ಮ, "ನಿಮ್ಮ ಕೈಯಲ್ಲಿ ಮಾಡಿದ್ದು ಇನ್ನು ನನ್ನ ಮನೆಯೊಳಗೆ ಬರಕೂಡ್ದು" ಎಂದಳು. ಅವಳು ಸೈಕಲ್ಲಿನ ಮಾತು ಹೇಳಿರಬಹುದು. ನಾನು ನನ್ನನ್ನೂ ಸೇರಿಸಿಕೊಂಡೆ. ಸ್ವಯಂ ನಿವೃತ್ತಿ ತೆಗೆದುಕೊಂಡು ಇಲ್ಲಿಗೆ ಬಂದೆ. ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದೆ, ನಿನಗೆ ಗೊತ್ತು. ಕೊನೆಯ ಸಲ ಬಂದಾಗ ನೀನು ಕೋಣೆಯಿಂದ ಹೊರಗೆ ಬರಲಿಲ್ಲ. ಒಂದು ಗಂಟೆ ಆರಿದ ಟೀ ಮುಂದಿಟ್ಟುಕೊಂಡು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಕೂತೆ. ಮಗಳಿಗೆ ನನ್ನ ಮುಖ ನೋಡಲು ಇಷ್ಟವಿಲ್ಲ, ಅದು ನ್ಯಾಯವೇ ಎಂದುಕೊಂಡು ಎದ್ದುಬಂದೆ.

ನೀನು ಸೈಕಲ್ಲು ಬಿಟ್ಟದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ನಿನ್ನನ್ನು ನೋಡದೆ ಆದ ಬೇಸರ ಬೇರೆ, ಅದಕ್ಕೆ ಲೆಕ್ಕವಿಲ್ಲ.

ಮುರಿದ ಫೋರ್ಕು ನನ್ನ ಮಂಚದ ಕೆಳಗೆ ಪೆಟ್ಟಿಗೆಯಲ್ಲಿದೆ. ನನ್ನ ಕೈಗೆ ಇನ್ನು ಫೋರ್ಕು ಮಾಡುವ ಯೋಗ್ಯತೆ ಇಲ್ಲ. ಇದೇ ಕಾರಣ, ಬೇರೇನೂ ಇಲ್ಲ.

ಅಪ್ಪ


ಬರೋಡಾ
24 ನವೆಂಬರ್ 2024

ಅಪ್ಪಾ,

ಇದನ್ನು ಒಂದೇ ಉಸಿರಿಗೆ ಬರೆಯುತ್ತೇನೆ, ನಿಲ್ಲಿಸಿದರೆ ಬರೆಯುವುದಿಲ್ಲ.

ರೇಸಿನ ಹಿಂದಿನ ದಿನ ಸಾಯಂಕಾಲ ನಾನು ಸ್ಟೇಷನ್ ಆಚೆ ಬದಿಗೆ ದಾಳವಡಾ ತಿನ್ನಲು ಹೋಗಿದ್ದೆ. ಸೈಕಲ್ ಎಲ್ಲೂ ಬಿಡಬೇಡ ಎಂದು ನೀನು ಹೇಳಿದ್ದೆಯಲ್ಲ, ಅದಕ್ಕೆ ಹೆಗಲ ಮೇಲೆ ಹೊತ್ತುಕೊಂಡು ಮಣಿನಗರ ಸ್ಟೇಷನ್ನಿನ ಓವರ್‌ಬ್ರಿಜ್ ಹತ್ತಿದೆ. ಇಳಿಯುವಾಗ ಯಾರೋ ಮೂಟೆ ಹೊತ್ತವರು ತಳ್ಳಿದರು. ಸೈಕಲ್ ಕೈ ಜಾರಿ ಮೆಟ್ಟಿಲ ಮೇಲೆ ಉರುಳುತ್ತಾ ಕೆಳಗೆ ಹೋಗಿ ಕಬ್ಬಿಣದ ಕಂಬಕ್ಕೆ ಹೊಡೆಯಿತು. ಫೋರ್ಕಿಗೇ ಹೊಡೆಯಿತು. ನೋಡಿದರೆ ಉಗುರಿನಷ್ಟು ಬಣ್ಣ ಹೋಗಿತ್ತು, ಬೇರೇನೂ ಇಲ್ಲ.

ಮನೆಗೆ ಬಂದು ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಎರಡು ರೂಪಾಯಿ ನಾಣ್ಯದಿಂದ ತಟ್ಟಿದೆ. ದಬ್ ಎಂದಿತು ಅಪ್ಪಾ. ಮತ್ತೆ ತಟ್ಟಿದೆ. ದಬ್. ನನಗೆ ಅದರ ಅರ್ಥ ಗೊತ್ತಿತ್ತು. ನೀನೇ ಹೇಳಿಕೊಟ್ಟಿದ್ದೆ. ಅಮ್ಮನ ಕೆಂಪು ನೇಲ್ ಪಾಲಿಷ್ ತಂದು ಆ ಜಾಗಕ್ಕೆ ಹಚ್ಚಿದೆ.

ಹೇಳಿದರೆ ನೀನು ರೇಸಿಗೆ ಬಿಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿನ್ನ ಮುಖ ಹೇಗಾಗುತ್ತದೆ ಎಂದು ಹೆದರಿದೆ. ನೀನು ಆ ಫೋರ್ಕ್ ಮಾಡಲು ಎರಡು ತಿಂಗಳು ತೆಗೆದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಎಚ್ಚರ ಆದಾಗ ನೀನು "ನಂದೇ ತಪ್ಪು, ನಂದೇ ತಪ್ಪು" ಎನ್ನುತ್ತಿದ್ದೆ. ಆಗ ಹೇಳಬೇಕಿತ್ತು. ಬಾಯಿಗೆ ಹೊಲಿಗೆ ಹಾಕಿದ್ದಾರೆ, ಬಿಚ್ಚಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಬಿಚ್ಚುವಷ್ಟರಲ್ಲಿ ಅದು ಎಲ್ಲರ ಬಾಯಲ್ಲೂ ನಿನ್ನ ತಪ್ಪು ಆಗಿಬಿಟ್ಟಿತ್ತು. ಕೊನೆಯ ಸಲ ನೀನು ಬಂದಾಗ ಬಾಗಿಲ ಹಿಂದೆಯೇ ನಿಂತಿದ್ದೆ. ನಿನ್ನ ಲೋಟದ ಸದ್ದು ಕೇಳುತ್ತಿತ್ತು. ನಿನ್ನ ಮುಖ ನೋಡಲು ಇಷ್ಟವಿಲ್ಲದೆ ಅಲ್ಲ, ನನ್ನ ಮುಖ ನಿನಗೆ ತೋರಿಸಲಾಗದೆ.

ಫೋರ್ಕ್ ನೀನೇ ಮಾಡು.

ಮೇದಿನಿ


ಬರೋಡಾ
30 ಡಿಸೆಂಬರ್ 2024

ಅಪ್ಪಾ,

ನನ್ನ ಕಾಗದ ತಲುಪಿದೆಯಾ? ಐದು ವಾರ ಆಯಿತು. ಬೈಯಬೇಕೆಂದಿದ್ದರೆ ಬೈದು ಬರೆ, ಸುಮ್ಮನೆ ಇರಬೇಡ. ದಿನಾ ವಾರ್ಡನ್ ಮೇಜಿನ ಹತ್ತಿರ ಹೋಗಿ ನೋಡುತ್ತೇನೆ. ಅವರು ಈಗ ನನ್ನನ್ನು ಕಂಡರೆ ತಲೆ ಅಲ್ಲಾಡಿಸುತ್ತಾರೆ.

ಅಮ್ಮನಿಗೂ ಎಲ್ಲ ಹೇಳಿದೆ. ಮರುದಿನ ಅವಳು ಆಫೀಸಿಗೆ ರಜೆ ಹಾಕಿದಳು.

ಮೇದಿನಿ


ಸೂರತ್
13 ಜನವರಿ 2025

ಪುಟ್ಟಾ,

ಕ್ಷಮಿಸು. ನಾಲ್ಕು ಸಲ ಬರೆದು ಹರಿದೆ. ಪರವಾಗಿಲ್ಲ ಬಿಡು ಎಂದು ಬರೆದರೆ ನೀನು ನಂಬುತ್ತಿರಲಿಲ್ಲ, ನಾನಾದರೂ ನಂಬುತ್ತಿರಲಿಲ್ಲ. ಅದಕ್ಕೆ ಕೆಲಸ ಮಾಡಿ ತೋರಿಸೋಣ ಎಂದು ಹೊರಟೆ. ಅಷ್ಟು ದಿನ ನೀನು ಮೇಜಿನ ಹತ್ತಿರ ಹೋಗಿ ನೋಡುತ್ತಿರುತ್ತೀಯ ಎಂದು ಈ ದಡ್ಡನಿಗೆ ಹೊಳೆಯಲಿಲ್ಲ.

ನಿನ್ನ ಕಾಗದ ಓದಿದ ದಿನವೇ ಪೆಟ್ಟಿಗೆ ತೆಗೆದೆ. ಆ ಫೋರ್ಕನ್ನು ನಾನು ಎಷ್ಟು ಸಲ ಲೆನ್ಸಿನಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಕಡೆ ಕೆಂಪಿನ ಮೇಲೆ ಇನ್ನೊಂದು ಕೆಂಪು ಸ್ಪಷ್ಟವಾಗಿ ಹೊಳೆಯುತ್ತಿದೆ. ನಾನು ಪದರಗಳ ನಡುವೆ ನನ್ನ ತಪ್ಪನ್ನೇ ಹುಡುಕುತ್ತಿದ್ದೆ. ಹಾಗಾಗಿ ಅದು ಕಾಣಲೇ ಇಲ್ಲ.

ಈಗ ಕೇಳು. ಫೋರ್ಕು ಮಾಡುವಾಗ ನಾನು ಗುಂಡಿಗೆ ಲೆಕ್ಕ ಹಾಕಿದ್ದೆ, ಬ್ರೇಕಿಗೆ ಹಾಕಿದ್ದೆ, ಬಿಸಿಲಿಗೆ ಹಾಕಿದ್ದೆ. ಸ್ಟೇಷನ್ನಿನ ಮೆಟ್ಟಿಲಿಗೆ ಹಾಕಿರಲಿಲ್ಲ. ಹದಿಮೂರು ವರ್ಷದ ಹುಡುಗಿಯ ಕೈಯಲ್ಲಿ ಕೊಟ್ಟ ವಸ್ತು ಒಂದಲ್ಲ ಒಂದು ದಿನ ಕೆಳಗೆ ಬೀಳುತ್ತದೆ, ಅಷ್ಟು ತಿಳಿಯಬೇಕಿತ್ತು. ಆ ಹುಡುಗಿಗೆ ಅದನ್ನು ಅಪ್ಪನ ಹತ್ತಿರ ಹೇಳಲು ಭಯವಾಗುತ್ತದೆ ಎನ್ನುವುದು ಇನ್ನೂ ದೊಡ್ಡ ಸಂಗತಿ. ಅದಕ್ಕೆ ನನ್ನಲ್ಲಿ ಲೆಕ್ಕವೇ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಎಬ್ಬಿಸಿದ್ದು, ಸೆಕೆಂಡು ಎಣಿಸಿದ್ದು, ಎರಡನೆಯ ಸ್ಥಾನ ಬಂದರೆ ಮುಖ ಸಣ್ಣಗೆ ಮಾಡಿದ್ದು ಎಲ್ಲ ನೆನಪಾಯಿತು. ನೀನು ನನ್ನನ್ನು ಕ್ಷಮಿಸು.

ಫೋರ್ಕು ಮಾಡಿದೆ. ಪೆಟ್ಟು ಬೀಳುವ ಜಾಗದಲ್ಲಿ ಎರಡು ಪದರ ಹೆಚ್ಚು ಕೊಟ್ಟೆ, ನಲವತ್ತು ಗ್ರಾಮು ತೂಕ ಏರಿತು. ಆಮೇಲೆ ಅದನ್ನು ಹಳೆಯ ಫ್ರೇಮಿಗೆ ಹಾಕಿ ಉಧ್ನಾ ಸ್ಟೇಷನ್ನಿನ ಓವರ್‌ಬ್ರಿಜ್ ಹತ್ತಿ ಮೆಟ್ಟಿಲ ಮೇಲಿಂದ ಬಿಟ್ಟೆ. ಕೆಳಗೆ ಹೋಗಿ ತಟ್ಟಿ ನೋಡಿದೆ, ಮತ್ತೆ ಹೊತ್ತುಕೊಂಡು ಬಂದು ಬಿಟ್ಟೆ. ಆರನೆಯ ಸಲಕ್ಕೆ ರೈಲ್ವೆ ಪೊಲೀಸಿನವನು ಬಂದು, "ಅಂಕಲ್, ತಬಿಯತ್ ಠೀಕ್ ಹೈ ನಾ?" ಎಂದು ನನ್ನ ಆರೋಗ್ಯ ವಿಚಾರಿಸಿದ. "ಬೇಟಿ ಕೀ ಸೈಕಲ್ ಹೈ, ಟೆಸ್ಟ್ ಕರ್ ರಹಾ ಹೂಂ" ಎಂದೆ. ಅವನಿಗೂ ಮಗಳಿದ್ದಾಳಂತೆ. ಮಿಕ್ಕ ಸಲವೆಲ್ಲ ಕೆಳಗಿನ ಮೆಟ್ಟಿಲಲ್ಲಿ ನಿಂತು ಜನರನ್ನು ಪಕ್ಕಕ್ಕೆ ಸರಿಸಿದ. ಇಪ್ಪತ್ತು ಸಲ ಬಿಟ್ಟೆ. ಇಪ್ಪತ್ತನೆಯ ಸಲವೂ ಟಣ್ ಎಂದಿತು.

ನಿನ್ನ ಹಳದಿ ಅಂಚು ಈಗ ಫೋರ್ಕಿನ ತುದಿಯ ತನಕ ಹೋಗುತ್ತದೆ. ಬೆಲೆಯೂ ಸ್ಕೂಟರಿನ ಕೆಳಗೆ ಬಂತು. ಬಣ್ಣ ಹಾಕಿಲ್ಲ.

ನಾಳೆ ಉತ್ತರಾಯಣ. ಅಡಾಜಣ್‌ನಲ್ಲಿ ಇವತ್ತೇ ಎಲ್ಲರೂ ತಾರಸಿ ಮೇಲಿದ್ದಾರೆ. ನಾನು ಕೆಳಗಿದ್ದೇನೆ. ಗಾಳಿಪಟದ ದಾರ ಹಿಡಿಯಲು ನೀನಿಲ್ಲದೆ ಹತ್ತಿ ಏನು ಮಾಡಲಿ?

ಅಪ್ಪ


ಸೂರತ್
2 ಮಾರ್ಚ್ 2025

ಪುಟ್ಟಾ,

ಹೋಳಿಗೆ ನೀನು ಮಣಿನಗರದಲ್ಲಿರುತ್ತೀಯ ಎಂದು ಅಮ್ಮ ಹೇಳಿದಳು. ಅಲ್ಲಿಗೇ ಒಂದು ದೊಡ್ಡ ಪೆಟ್ಟಿಗೆ ಬರುತ್ತದೆ. ನಮ್ಮ ಅಚ್ಚಿನಿಂದ ಬಂದ ಮೊದಲನೆಯ ಸೈಕಲ್ಲು. ಮಾರಲು ಅಲ್ಲ.

ಯಾರ ಅಳತೆ ಎಂದು ಹಸಮುಖಭಾಯಿ ಕೇಳಿದ್ದರಲ್ಲ, ನಿನ್ನದು. ಐದನೆಯ ವರ್ಷದಿಂದ ಹದಿಮೂರರ ತನಕ ಪ್ರತಿ ಹುಟ್ಟುಹಬ್ಬಕ್ಕೂ ನಿನ್ನನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆ. ಮನೆ ಬಿಡುವಾಗ ಆ ಒಂಬತ್ತು ಗೆರೆಗಳನ್ನು ಟೇಪು ಹಿಡಿದು ಡೈರಿಗೆ ಬರೆದುಕೊಂಡು ಬಂದೆ. ಅದನ್ನಿಟ್ಟುಕೊಂಡು ಗ್ರಾಫ್ ಎಳೆದೆ. ಹುಡುಗಿಯರು ಬೆಳೆಯುವುದು ನಿಧಾನವಾಗುತ್ತದೆ ಎಂದು ಮುಂದಿನ ಭಾಗವನ್ನು ಸ್ವಲ್ಪ ಬಾಗಿಸಿದೆ. ಇಪ್ಪತ್ತಕ್ಕೆ ಐದಡಿ ಆರಿಂಚು ಬಂತು.

ಎಷ್ಟೆತ್ತರ ಇದ್ದೀಯ ಎಂದು ಒಂದು ಸಾಲು ಬರೆದು ಕೇಳಬಹುದಿತ್ತು. ಮಗಳ ಎತ್ತರ ಗೊತ್ತಿಲ್ಲದ ಅಪ್ಪ ಎಂದು ನನ್ನ ಕೈಯಿಂದಲೇ ಬರೆಯಲು ನಾಚಿಕೆಯಾಯಿತು.

ನೀನು ಹತ್ತಬೇಕೆಂದಿಲ್ಲ. ಗೋಡೆಗೆ ಒರಗಿಸಿ ಇಟ್ಟರೂ ಸಾಕು.

ಅಪ್ಪ


ಮಣಿನಗರ
9 ಮಾರ್ಚ್ 2025

ಅಪ್ಪಾ,

ಸೈಕಲ್ ಬಂತು. ಪಾರ್ಸಲ್ಲಿನವನು ಕೆಳಗೇ ಇಳಿಸಿ ಹೋದ. ನಾನು ಬಿಚ್ಚಿ, ಚಕ್ರ ಹಾಕಿ, ಮೆಟ್ಟಿಲ ಹತ್ತಿರ ನಿಲ್ಲಿಸಿ, ಅಮ್ಮ ಒಳಗೆ ಬಿಡುತ್ತಾಳೋ ಇಲ್ಲವೋ ಎಂದು ಕಾಯುತ್ತಾ ನಿಂತೆ. ಅವಳು ಆಫೀಸಿನಿಂದ ಬಂದಳು. ಸುತ್ತ ಒಂದು ಸಲ ಬಂದು ನೋಡಿದಳು. ಹಳದಿ ಅಂಚಿನ ಮೇಲೆ ಸೀರೆ ಅಂಗಡಿಯಲ್ಲಿ ಮಾಡುವ ಹಾಗೆ ಬೆರಳು ಆಡಿಸಿದಳು. "ಇಲ್ಲೇ ಬಿಟ್ರೆ ಧೂಳು ಹಿಡಿಯತ್ತೆ" ಎಂದು ತಾನೇ ಎತ್ತಿಕೊಂಡು ಎರಡು ಮಹಡಿ ಹತ್ತಿದಳು. ಅರ್ಧದಲ್ಲಿ ನಿಂತು, "ಏನೇ ಇದು, ಇಷ್ಟು ಹಗುರ" ಎಂದಳು. ಒಳಗೆ ಬಂದು ಅಡುಗೆಮನೆಯಲ್ಲಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಪಾತ್ರೆ ಏನೂ ಇರಲಿಲ್ಲ.

ಎರಡು ರೂಪಾಯಿ ನಾಣ್ಯ ತೆಗೆದುಕೊಂಡು ಫೋರ್ಕನ್ನು ಮೇಲಿಂದ ಕೆಳಗಿನ ತನಕ ತಟ್ಟಿದೆ. ಟಣ್.

ಬೆಳಿಗ್ಗೆ ಐದಕ್ಕೆ ಎದ್ದೆ. ಯಾರೂ ಎಬ್ಬಿಸಲಿಲ್ಲ. ಸೈಕಲ್ ಕೆಳಗೆ ತಂದು ನಮ್ಮ ಕಟ್ಟಡದ ಗೇಟಿನ ಒಳಗೇ ಹತ್ತಿ ಕೂತೆ. ಸೀಟು ಪೂರ್ತಿ ಕೆಳಗೆ ಇಳಿಸಿದರೂ ಪೆಡಲ್ ಕೆಳಕ್ಕೆ ಹೋದಾಗ ಕಾಲಿಗೆ ಸಿಗುವುದಿಲ್ಲ. ಹ್ಯಾಂಡಲ್ ಹಿಡಿಯಬೇಕೆಂದರೆ ಅದರ ಮೇಲೆ ಮಲಗಬೇಕು. ಅಪ್ಪಾ, ನಾನು ಐದಡಿ ಎರಡಿಂಚು. ನೀನು ಗ್ರಾಫ್ ಇನ್ನೂ ತುಂಬ ಬಾಗಿಸಬೇಕಿತ್ತು. ನಾನು ಹೆಚ್ಚುಕಡಿಮೆ ನೀನು ಮನೆ ಬಿಟ್ಟ ವರ್ಷವೇ ಬೆಳೆಯದೆ ನಿಂತುಬಿಟ್ಟೆ. ಅಮ್ಮನಿಗೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ರಾಕೆಟ್ ಆಫೀಸಲ್ಲಿ ಇಪ್ಪತ್ತೆರಡು ವರ್ಷ ಇದ್ರು. ಪಕ್ಕದ್ಮನೆ ಆಂಟೀನ ಕೇಳಿದ್ರೂ ಹೇಳ್ತಿದ್ರು" ಎಂದಳು. ಅವಳು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ.

ಆ ಗೆರೆಗಳಿಗಾಗಿಯೇ ಅವಳು ಚೌಕಟ್ಟಿಗೆ ಬಣ್ಣ ಹೊಡೆಸಿಲ್ಲ. ನಿನ್ನ ಕಾಗದ ಬಂದ ಮೇಲೆ ಹೋಗಿ ನೋಡಿದೆ. ಒಂಬತ್ತು ಗೆರೆಯೂ ಹಾಗೇ ಇವೆ, ಪಕ್ಕದಲ್ಲಿ ನಿನ್ನ ಅಕ್ಷರದಲ್ಲಿ ವರ್ಷಗಳೂ ಇವೆ.

ನಿನ್ನ ಅಚ್ಚು ಇದ್ದ ಹಾಗೇ ಇರಲಿ, ಐದಡಿ ಆರಿಂಚಿನವರು ಬೇಕಾದಷ್ಟು ಜನ ಇದ್ದಾರೆ, ಈ ಸೈಕಲ್ ಅವರಲ್ಲಿ ಯಾರಿಗಾದರೂ ಹೋಗಲಿ. ಎರಡನೆಯ ಅಚ್ಚು ಕೊರೆಸುವಾಗ ನನ್ನದು ಮಾಡು. ನಾನು ಹೊಡೆಯುತ್ತೇನೆ. ಅದಕ್ಕೆ ಮೊದಲು ಸರಿಯಾದ ಅಳತೆ ಬೇಕು, ಅದನ್ನು ಕಾಗದದಲ್ಲಿ ಕಳಿಸುವುದಿಲ್ಲ. ಮುಂದಿನ ಭಾನುವಾರ ಬಾ. ಬೆಳಗಿನ ಗಾಡಿ ಹಿಡಿದು ಮಣಿನಗರದಲ್ಲೇ ಇಳಿ, ನಾನು ಓವರ್‌ಬ್ರಿಜ್ ಕೆಳಗೆ ಕಾಯುತ್ತಿರುತ್ತೇನೆ. ಊಟಕ್ಕೆ ಇರ್ತಾರೋ, ಟೀ ಬಿಟ್ಟು ಓಡಿಹೋಗ್ತಾರೋ ಕೇಳು ಎನ್ನುತ್ತಿದ್ದಾಳೆ ಅಮ್ಮ. ಹಿಂದಿನ ದಿನವೇ ಕಾಳು ನೆನೆಹಾಕಬೇಕಂತೆ.

ಪೆನ್ಸಿಲ್ ನನ್ನ ಹತ್ತಿರ ಇದೆ. ಇನ್ನೊಂದು ವಿಷಯ ಹೇಳುವುದು ಬಾಕಿ ಇತ್ತು. ಹದಿಮೂರನೆಯ ಹುಟ್ಟುಹಬ್ಬದ ದಿನ ನೀನು ಗೆರೆ ಹಾಕುವಾಗ ಎತ್ತರ ಕಾಣಲಿ ಎಂದು ನಾನು ಹಿಮ್ಮಡಿ ಎತ್ತಿದ್ದೆ. ನೀನು ನೋಡಲಿಲ್ಲ. ಈ ಸಲ ಎತ್ತುವುದಿಲ್ಲ.

ಮೇದಿನಿ